ಗಾಳಿ ನೋಡಿ ದಾರಿ ಹಿಡಿಯಿರಿ

ಆಷಾಢದ ಗಾಳಿ ಮಲೆನಾಡಿಗೆ ಮಳೆಯನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಕೋಲಾರದ ಸೀಮೆ ತಲುಪುವ ಹೊತ್ತಿಗೆ ಅದರ ನೀರೆಲ್ಲ ಘಟ್ಟದ ಮೇಲೆಯೇ ಸುರಿದು ಹೋಗಿರುತ್ತದೆ. ಇಲ್ಲಿಗೆ ಬರುವುದು ಬರೀ ಗಾಳಿ. ಈ ಜಿಲ್ಲೆಗೆ ನಿಜವಾದ ಮಳೆ ಆಗಸ್ಟ್ ಕಳೆದ ಮೇಲೆಯೇ. ಜೂನ್, ಜುಲೈ ತಿಂಗಳಲ್ಲಿ ಪಡುವಣದಿಂದ ಬೀಸುವ ಒಣಗಾಳಿ ನೀಲಗಿರಿ ತೋಪುಗಳನ್ನು ಬಾಗಿಸಿ, ಚಿನ್ನದ ಗಣಿಯೂರು ಕೆ.ಜಿ.ಎಫ್.ನಲ್ಲಿ ಗಣಿಪುಡಿ ಸುರಿದು ಆದ ಸೈನೈಡ್ ದಿಬ್ಬಗಳ ನೆತ್ತಿಯನ್ನು ಸವರಿಕೊಂಡು, ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳ ಮನೆಯಂಗಳಕ್ಕೆ ಇಳಿಯುತ್ತದೆ. ಒಣಹಾಕಿದ ಬಟ್ಟೆಯನ್ನು ಒಮ್ಮೆ ಕೊಡವಿದರೆ ಸಾಕು, ಗಾಳಿ ಏನನ್ನು ಹೊತ್ತು ತಂದಿದೆ ಎನ್ನುವುದು ಗೊತ್ತಾಗುತ್ತದೆ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ, ಸೇನೆಯ ಭರ್ತಿಗೆ, ಅರೆಸೇನಾ ಪಡೆಗಳ ಪರೀಕ್ಷೆಗೆ ತಯಾರಾಗುವ ಹುಡುಗ ಹುಡುಗಿಯರಿಗೆ ಓಡಿ ಅಭ್ಯಾಸ ಮಾಡಬೇಕಾದ ಕಾಲವೂ ಈ ಗಾಳಿಯ ತಿಂಗಳುಗಳಲ್ಲೇ ಬರುತ್ತದೆ. ಎಲ್ಲಿ ಓಡಬೇಕು, ಎಷ್ಟು ಓಡಬೇಕು, ಯಾರ ಜೊತೆ ಓಡಬೇಕು ಎಂಬ ಪ್ರಶ್ನೆಗಳಿಗೆ ಸಾಮಾನ್ಯವಾಗಿ ಉತ್ತರ ಕೊಡುವುದು ಕೈಗಡಿಯಾರ. ಈ ಊರಿನ ಮಟ್ಟಿಗೆ ಉತ್ತರ ಕೊಡಬೇಕಾದದ್ದು ಗಾಳಿ ಎನ್ನುವುದು ಈ ಲೇಖನದ ವಾದ.

ದಿಬ್ಬಗಳ ಆಕರ್ಷಣೆ ಅರ್ಥವಾಗುವಂಥದ್ದೇ. ಮಾರಿಕುಪ್ಪಂನಿಂದ ಬಡಗಣಕ್ಕೆ ಗಣಿಸಾಲಿನುದ್ದಕ್ಕೂ ಅಲ್ಲಲ್ಲಿ ಎದ್ದು ನಿಂತ 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಗಣಿಪುಡಿ ಇದೆ. ಕೆಲವು ಹತ್ತು ಅಂತಸ್ತಿನ ಕಟ್ಟಡದ ಎತ್ತರ. ಮರವಿಲ್ಲ, ಕಲ್ಲಿಲ್ಲ, ವಾಹನವಿಲ್ಲ. ಬೂದು ಹಳದಿಯ ಮೈ, ಮಳೆ ಕೊರೆದ ಕೊರಕಲು, ಮೇಲೆ ಹೋದರೆ ಮೈದಾನದಂಥ ಬಯಲು. ಏರು ಓಟಕ್ಕೆ ಇಳಿಜಾರು ಉಂಟು, ಪಾದಕ್ಕೆ ಮೆತ್ತಗೆ ಮರಳಿನಂಥ ನೆಲ ಉಂಟು, ಮೇಲಿಂದ ನೋಡಲು ಇಡೀ ಊರುಂಟು. ಇಂಗ್ಲೆಂಡಿನ ಬೋಳುಗುಡ್ಡಗಳ ಮೇಲೆ ಗಾಳಿಗೆ ಎದೆಕೊಟ್ಟು ಗುಂಪಾಗಿ ಓಡುವವರ ಚಿತ್ರಗಳನ್ನು ಕಂಡವರಿಗೆ ಇದು ನಮ್ಮ ಪಾಲಿನ ಅಂಥದೇ ಗುಡ್ಡ ಅನ್ನಿಸಿದರೆ ಆಶ್ಚರ್ಯವಿಲ್ಲ. 2018ರ ‘ಕೆ.ಜಿ.ಎಫ್’ ಸಿನಿಮಾ ಬಂದ ಮೇಲಂತೂ ಈ ದಿಬ್ಬಗಳಿಗೆ ಒಂದು ಮೆರುಗೂ ಅಂಟಿಕೊಂಡಿದೆ. ಆದರೆ ಗುಡ್ಡವನ್ನು ಭೂಮಿ ಮಾಡುತ್ತದೆ. ಇವನ್ನು ಮಾಡಿದ್ದು ಗಿರಣಿ. ವ್ಯತ್ಯಾಸ ಇರುವುದು ಅಲ್ಲಿಯೇ.

ಅದಕ್ಕೆ ಹೋಗುವ ಮುನ್ನ, ವಾರವಿಡೀ ದುಡಿದು ಭಾನುವಾರ ಓಡಲು ಬರುವವರು ದಣಿದ ಕಾಲಿನಲ್ಲಿ ಓಡುವುದರಲ್ಲೇ ಅರ್ಥವಿದೆಯೇ ಎಂಬ ಮೂಲಪ್ರಶ್ನೆ ಇದೆ. ಅರ್ಥವಿದೆ ಎನ್ನುವುದಕ್ಕೆ ಅರವತ್ತು ವರ್ಷ ದಾಟಿದ ಸಾಕ್ಷ್ಯವಿದೆ. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯರ್ಡ್ ತನ್ನ ಹುಡುಗರನ್ನು ವಾರವಿಡೀ ಓಡಿಸಿ, ಭಾನುವಾರ ಆಕ್ಲೆಂಡಿನ ಹೊರಗಿನ ವೈಟಾಕೆರೆ ಬೆಟ್ಟಸಾಲಿನಲ್ಲಿ 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರ್, ಗುಂಪಾಗಿ ಓಡಿಸುತ್ತಿದ್ದ. 800 ಮೀಟರ್ ಓಡುವವನೂ ಆ ಗುಂಪಿನಲ್ಲಿ ಇರಬೇಕಿತ್ತು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಆ ಗುಂಪಿನ ಪೀಟರ್ ಸ್ನೆಲ್ 800 ಮೀಟರಿನಲ್ಲಿ, ಮರ್ರೆ ಹಾಲ್‌ಬರ್ಗ್ 5000 ಮೀಟರಿನಲ್ಲಿ ಒಂದೇ ದಿನ ಚಿನ್ನ ಗೆದ್ದರು. ಬ್ಯಾರಿ ಮ್ಯಾಗೀಗೆ ಮ್ಯಾರಥಾನ್ ಕಂಚು ಬಂತು. ಇದರ ಒಳಗುಟ್ಟು ಸರಳ. ಸ್ನಾಯುವಿನಲ್ಲಿ ನಿಧಾನಕ್ಕೆ ಕೆಲಸ ಮಾಡುವ ಎಳೆಗಳು ದಣಿದಾಗ, ವೇಗದ ಎಳೆಗಳು ಸರದಿಯಂತೆ ಕೆಲಸಕ್ಕೆ ಇಳಿಯಬೇಕಾಗುತ್ತದೆ. ತಾಜಾ ಕಾಲಿನಲ್ಲಿ ಮಲಗಿಯೇ ಇರುವ ಎಳೆಗಳು ದಣಿದ ಕಾಲಿನಲ್ಲಿ ಎದ್ದು ದುಡಿಯುವುದನ್ನು ಕಲಿಯುತ್ತವೆ. ಏರು ಆ ಪಾಠವನ್ನು ಬೇಗ ಕಲಿಸುತ್ತದೆ. ಇಳಿಜಾರಿನ ಕಥೆ ಬೇರೆ: ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ತಡೆ ಹಾಕಬೇಕು, ಎಳೆಗಳು ಸಣ್ಣಗೆ ಹರಿಯುತ್ತವೆ, ನೋವು ಮಾರನೆಯ ದಿನ ಶುರುವಾಗಿ ಮೂರನೆಯ ದಿನದವರೆಗೂ ಇರುತ್ತದೆ. ದೈಹಿಕ ಪರೀಕ್ಷೆ ಇರುವ ವಾರದಲ್ಲಿ ಬೆಟ್ಟ ಬೇಡ ಎಂದು ಅನುಭವಿಗಳು ಹೇಳುವುದು ಈ ಕಾರಣಕ್ಕೆ.

ಆದರೆ ಆಕ್ಲೆಂಡಿನ ದಣಿವೂ ಮಾರಿಕುಪ್ಪಂನ ದಣಿವೂ ಒಂದೇ ಅಲ್ಲ. ಲಿಡಿಯರ್ಡ್‌ನ ಲೆಕ್ಕದಲ್ಲಿದ್ದದ್ದು ಓಡಿ ದಣಿದ ಕಾಲು. ಮಾರಿಕುಪ್ಪಂ ರೈಲು ಹಳಿಯ ಕೊನೆಯ ನಿಲ್ದಾಣ. ಬಂಗಾರಪೇಟೆಯಿಂದ 1894ರಲ್ಲಿ ಗಣಿಗಾಗಿ ಹಾಕಿದ 16 ಕಿಲೋಮೀಟರ್ ಕವಲು ಇಲ್ಲಿ ಬಂದು ನಿಲ್ಲುತ್ತದೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಗಣಿಗೆ ಜನ ತಂದ ಹಳಿಯೇ ಜನರನ್ನು ಬೆಂಗಳೂರಿಗೆ ಹೊತ್ತೊಯ್ಯುವ ಹಳಿಯಾಯಿತು. ಬೆಳಕು ಹರಿಯುವ ಮೊದಲು ಮನೆ ಬಿಟ್ಟು, ಸೀಟು ಸಿಗದೆ ನಿಂತೇ ಹೋಗಿ, ಅಂಗಡಿಯಲ್ಲೋ ಕಟ್ಟಡದ ಕಾವಲಿನಲ್ಲೋ ನಿಂತೇ ದುಡಿದು, ರಾತ್ರಿ ಮತ್ತೆ ನಿಂತೇ ವಾಪಸಾಗುವ ಇಪ್ಪತ್ತರ ಹರೆಯದವರ ಕಾಲು ಭಾನುವಾರದ ಹೊತ್ತಿಗೆ ದಣಿದಿರುತ್ತದೆ, ನಿಜ. ಅವರಿಗೆ ಸಾಲದೆ ಬಂದಿರುವುದು ತರಬೇತಿಯಲ್ಲ, ನಿದ್ದೆ. ನಿದ್ದೆಗೆಟ್ಟ ಮೈಗೆ ಅದೇ ವೇಗ ಹೆಚ್ಚು ಭಾರ ಅನ್ನಿಸುತ್ತದೆ, ಹೆಜ್ಜೆ ತಪ್ಪುತ್ತದೆ, ಗಾಯ ಬೇಗ ಆಗುತ್ತದೆ. ಹಾಗಾಗಿ ಭಾನುವಾರ ಗುಂಪು ಸೇರಿದಾಗ ಕೇಳಬೇಕಾದ ಮೊದಲ ಮಾತು ‘ಎಷ್ಟು ಕಿಲೋಮೀಟರ್?’ ಎಂದಲ್ಲ, ‘ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ?’ ಎಂದು. ಐದು ಗಂಟೆಯೂ ಮಲಗದವನನ್ನು ಅರ್ಧ ದಾರಿಯಲ್ಲಿ ವಾಪಸು ಕಳಿಸುವುದು ತರಬೇತುದಾರನ ದೌರ್ಬಲ್ಯವಲ್ಲ. ವಾರಕ್ಕೆ ಸಿಗುವ ಒಂದೇ ಒಂದು ಬಿಡುವಿನ ಬೆಳಿಗ್ಗೆ ಅದು. ಅದನ್ನು ಶಿಕ್ಷೆಯಾಗಿ ಬಳಸಿದರೆ ಮುಂದಿನ ಭಾನುವಾರ ಗುಂಪೇ ಕರಗುತ್ತದೆ.

ಇನ್ನು ಗಾಳಿ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಗಾಳಿಯಿಲ್ಲದ ಬೆಳಿಗ್ಗೆ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಓಡುವವನಿಗೆ ಗಾಳಿಯ ಅಡ್ಡಿ ಇಲ್ಲವೆನ್ನುವಷ್ಟು ಕಡಿಮೆ. ಎದುರಿನಿಂದ 20 ಕಿಲೋಮೀಟರ್ ಗಾಳಿ ಬೀಸಿದರೆ ಎದೆಗೆ ತಾಗುವುದು 30ರ ಗಾಳಿ; ತಡೆ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ವಾಪಸು ಬರುವಾಗ ಬೆನ್ನ ಹಿಂದಿನ ಗಾಳಿ ಈ ಸಾಲವನ್ನು ತೀರಿಸುತ್ತದೆ ಎಂದುಕೊಂಡರೆ ತಪ್ಪು. ಕಳೆದುಕೊಂಡದ್ದರ ಅರ್ಧದಷ್ಟು ಮಾತ್ರ ಅದು ಹಿಂದಿರುಗಿಸುತ್ತದೆ. ಗಾಳಿಯ ದಿನ ಗಡಿಯಾರ ನೋಡುತ್ತ ಓಡುವವನು ಏರಿನ ಮೇಲೆ ಏರು ಹತ್ತುತ್ತಿದ್ದರೂ ಸಮತಟ್ಟಿನ ವೇಗ ಕೇಳುತ್ತಿರುತ್ತಾನೆ. ಗುಂಪಿನ ನಿಜವಾದ ಉಪಯೋಗ ಇಲ್ಲಿದೆ. 1953ರ ಎವರೆಸ್ಟ್ ತಂಡದ ಶರೀರವಿಜ್ಞಾನಿಯಾಗಿದ್ದ ಬ್ರಿಟನ್ನಿನ ಗ್ರಿಫಿತ್ ಪ್ಯೂ ಓಟಗಾರರನ್ನು ಗಾಳಿ ಹಾಯಿಸುವ ಕೋಣೆಯಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿಸಿ 1971ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗೆ: ಮುಂದಿನವನ ಬೆನ್ನಿಗೆ ಒಂದು ಮೀಟರ್ ಅಂತರದಲ್ಲಿ ಓಡಿದರೆ ಗಾಳಿಯ ಅಡ್ಡಿ ಬಹುಪಾಲು ಇಲ್ಲವಾಗುತ್ತದೆ, ಮಧ್ಯಮ ದೂರದ ಓಟದ ವೇಗದಲ್ಲಿ ಆಮ್ಲಜನಕದ ಖರ್ಚು ಶೇ 6ಕ್ಕೂ ಹೆಚ್ಚು ಇಳಿಯುತ್ತದೆ. ಹಾಗಿದ್ದ ಮೇಲೆ ಬಲಿಷ್ಠನೊಬ್ಬ ನೂರು ಗಜ ಮುಂದೆ ಹೋಗಿ, ಸೋತವನು ಹಿಂದೆ ಒಂಟಿಯಾಗಿ ಗಾಳಿ ತಿನ್ನುತ್ತಿದ್ದರೆ ಅದನ್ನು ಗುಂಪು ಎನ್ನಲಾಗದು. ಒಂದೇ ದಾರಿಯಲ್ಲಿ ಓಡುತ್ತಿರುವ ಹತ್ತು ಜನ, ಅಷ್ಟೆ. ಎರಡೆರಡು ನಿಮಿಷಕ್ಕೆ ಮುಂದಾಳು ಬದಲಾಗಬೇಕು, ಸೋತವರು ನಡುವೆ ಇರಬೇಕು, ವೇಗವನ್ನು ಅವರ ಉಸಿರು ಗೊತ್ತುಮಾಡಬೇಕು. ನಡುವಿನವನು ಒಂದು ಪೂರ್ತಿ ವಾಕ್ಯ ಮಾತಾಡಬಲ್ಲನಾದರೆ ವೇಗ ಸರಿ. ಒಂದೊಂದೇ ಪದ ಬರುತ್ತಿದ್ದರೆ ಹೆಚ್ಚು. ಜೋಡೆತ್ತಿನ ಗಾಡಿ ಹೊಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ದಿಬ್ಬಕ್ಕೆ ಬರೋಣ. ಮೇಲೆ ಹೇಳಿದ ಲೆಕ್ಕವೆಲ್ಲ ಅಲ್ಲಿ ತಲೆಕೆಳಗಾಗುತ್ತದೆ. ಗಟ್ಟಿನೆಲದಲ್ಲಿ ಮುಂದಿನವನ ಬೆನ್ನು ಆಸರೆ. ದಿಬ್ಬದಲ್ಲಿ ಮುಂದಿನವನ ಹಿಮ್ಮಡಿ ಎಬ್ಬಿಸಿದ ಧೂಳು ಹಿಂದಿನವನ ಉಸಿರು. ಹತ್ತು ಜನರ ಸಾಲಿನಲ್ಲಿ ಗಾಳಿಯಿಂದ ಅತಿ ಹೆಚ್ಚು ರಕ್ಷಣೆ ಪಡೆದವನೇ, ಅಂದರೆ ದಣಿದವನೇ, ಅತಿ ಹೆಚ್ಚು ಧೂಳು ಕುಡಿಯುತ್ತಾನೆ. ಆ ಧೂಳು ರಸ್ತೆಯ ಧೂಳಲ್ಲ. ಗಣಿಯಿಂದ ತಂದ ಬಿಳಿಗಲ್ಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಸೇರಿಕೊಂಡಿದ್ದ ಚಿನ್ನ ಬಿಡಿಸಲು ಕಲ್ಲನ್ನು ಹಿಟ್ಟಾಗುವವರೆಗೆ ಕುಟ್ಟಬೇಕಿತ್ತು, ಅರೆಯಬೇಕಿತ್ತು. ಹಿಟ್ಟನ್ನು ಸೈನೈಡ್ ನೀರಿನಲ್ಲಿ ನೆನೆಸಿ ಚಿನ್ನ ಕರಗಿಸಿಕೊಳ್ಳುವ ವಿಧಾನ ಸ್ಕಾಟ್ಲೆಂಡಿನಲ್ಲಿ 1887ರಲ್ಲಿ ಕಂಡುಹಿಡಿದದ್ದು. ಕೋಲಾರಕ್ಕೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಉಳಿದ ಹಿಟ್ಟನ್ನು ಸುರಿದು ಸುರಿದು ಆದದ್ದು ಈ ದಿಬ್ಬ. ಮೂರು ಕಿಲೋಮೀಟರಿಗೂ ಆಳದ ಬೆಣಚುಕಲ್ಲು ಮೈದಾ ಆಗಿ ಮೇಲೆ ಬಂದು ಕೂತಿದೆ. ಬೆಣಚುಕಲ್ಲು ಎಂದರೆ ಸಿಲಿಕಾ. ಹೆಸರಿನಲ್ಲಿರುವ ಸೈನೈಡಿಗೆ ಜನ ಹೆದರುತ್ತಾರೆ; ಬಿಸಿಲು, ಗಾಳಿ, ದಶಕಗಳ ಮಳೆ ಸೇರಿ ಅದರ ಬಹುಪಾಲನ್ನು ಒಡೆದು ಹಾಕುತ್ತವೆ. ಕರಗದೆ, ಕೊಳೆಯದೆ, ಪುಪ್ಪುಸದಲ್ಲಿ ಹೋಗಿ ಕೂತರೆ ಹೊರಬರದೆ ಉಳಿಯುವುದು ಸಿಲಿಕಾ. ತಪ್ಪು ಪದಕ್ಕೆ ಹೆದರಿ ಸರಿಯಾದ ಅಪಾಯವನ್ನು ಮರೆತಿದ್ದೇವೆ.

ಇದನ್ನು ಈ ಊರಿಗೆ ಹೊರಗಿನವರು ಬಂದು ಹೇಳಬೇಕಾದ್ದಿಲ್ಲ. ಸಿಲಿಕಾ ಧೂಳಿನಿಂದ ಬರುವ ಪುಪ್ಪುಸದ ಕಾಯಿಲೆ ಸಿಲಿಕೋಸಿಸ್ ಭಾರತದಲ್ಲಿ ಮೊದಲು ದಾಖಲಾದದ್ದೇ ಕೋಲಾರದ ಚಿನ್ನದ ಗಣಿಯಲ್ಲಿ. 1940ರಿಂದ 46ರವರೆಗೆ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದ ವೈದ್ಯರು ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಅದನ್ನು ಕಂಡರು. ಅವರು ಗಣಿಯೊಳಗೆ ವರ್ಷಗಟ್ಟಲೆ ದುಡಿದವರು, ವಾರಕ್ಕೊಮ್ಮೆ ಓಡುವವನನ್ನು ಅವರಿಗೆ ಹೋಲಿಸುವುದು ಅತಿಯಾಯಿತು ಎಂಬ ಆಕ್ಷೇಪ ನ್ಯಾಯವಾದದ್ದು. ಒಂದು ಭಾನುವಾರದ ಓಟದಿಂದ ಯಾರಿಗೂ ಸಿಲಿಕೋಸಿಸ್ ಬರುವುದಿಲ್ಲ. ಆದರೆ ಓಟಗಾರನ ಉಸಿರಿನ ಲೆಕ್ಕ ನಡೆಯುವವನ ಲೆಕ್ಕವಲ್ಲ. ಸುಮ್ಮನೆ ಕೂತವನು ನಿಮಿಷಕ್ಕೆ ಏಳೆಂಟು ಲೀಟರ್ ಗಾಳಿ ಎಳೆದುಕೊಂಡರೆ ಏರು ಹತ್ತುತ್ತ ಓಡುವವನು ಎಂಬತ್ತು, ನೂರು ಲೀಟರ್ ಎಳೆಯುತ್ತಾನೆ. ಅದೂ ಮೂಗಿನ ಜರಡಿ ಬಿಟ್ಟು ಬಾಯಿಂದ. ಅವನ ಒಂದು ಗಂಟೆ ಕೂತವನ ಅರ್ಧ ದಿನ. ಆರು ತಿಂಗಳ ತಯಾರಿ ಎಂದರೆ ಇಂಥ ಇಪ್ಪತ್ತೈದು ಭಾನುವಾರ. ಊರಿನವರೆಲ್ಲ ಹುಟ್ಟಿದಾಗಿನಿಂದ ಇದನ್ನೇ ಉಸಿರಾಡುತ್ತಿಲ್ಲವೇ ಎಂದು ಕೇಳುವವರಿದ್ದಾರೆ. ಉಸಿರಾಡುತ್ತಿದ್ದಾರೆ, ಅದು ಅವರ ಮೇಲೆ ಆಗಿರುವ ಅನ್ಯಾಯವೇ ಹೊರತು ಇನ್ನಷ್ಟು ಉಸಿರಾಡಲು ಪರವಾನಗಿಯಲ್ಲ. ದಿಬ್ಬದ ನೆರಳಿನಲ್ಲಿ, ಗಣಿ ಕಾರ್ಮಿಕರ ಲೈನ್ ಮನೆಯಲ್ಲಿರುವ ಅಜ್ಜಿಗೆ ಆಯ್ಕೆಯಿಲ್ಲ, ಓಡುವವನಿಗೆ ಇದೆ. ಮಳೆ ಬಿದ್ದು ದಿಬ್ಬ ಒದ್ದೆಯಾದ ದಿನ ಧೂಳೇಳುವುದಿಲ್ಲ ಎಂಬ ಮಾತನ್ನು ಒಪ್ಪಬಹುದು. ಆ ದಿನ ಕೊರಕಲಿನ ಅಂಚು ಕುಸಿಯುತ್ತದೆ, ಅಷ್ಟೇ.

ಹಾಗಾದರೆ ಎಲ್ಲಿ? ಉತ್ತರ ಊರಿನ ನಕ್ಷೆಯಲ್ಲೇ ಇದೆ. ಗಣಿಸಾಲು ಬಡಗಣದಿಂದ ತೆಂಕಣಕ್ಕೆ ಗೋಡೆಯಂತೆ ಇದೆ. ಆಷಾಢದ ಗಾಳಿ ಪಡುವಣದ್ದು. ಆದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಗೋಡೆಯ ಪಶ್ಚಿಮಕ್ಕೆ ಇದ್ದರೆ ಗಾಳಿ ದಿಬ್ಬ ಮುಟ್ಟುವ ಮೊದಲೇ ನಿಮ್ಮನ್ನು ಮುಟ್ಟುತ್ತದೆ: ಮಾರಿಕುಪ್ಪಂನಿಂದ ಕಾಮಸಮುದ್ರದ ಕಡೆಗೋ ಬಂಗಾರಪೇಟೆಯ ಕಡೆಗೋ ಮುಖ ಮಾಡಿದ ದಾರಿಗಳು, ಬೂದಿಕೋಟೆ ಸುತ್ತಲಿನ ಹೆಬ್ಬಂಡೆ ಗುಡ್ಡಗಳು. ಮಾರ್ಗಶಿರ ಪುಷ್ಯದಲ್ಲಿ ಗಾಳಿ ಮೂಡಣಕ್ಕೆ ತಿರುಗುತ್ತದೆ; ಆಗ ಪೂರ್ವಕ್ಕೆ, ಪಾಲಾರ್ ಹೊಳೆಗೆ ಕಟ್ಟಿದ ಬೇತಮಂಗಲ ಕೆರೆಯ ಏರಿಯ ಕಡೆಗೆ. ಓಟಗಾರರ ಒಂದು ಹಳೆಯ ಕಟ್ಟಳೆ ಇದೆ: ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಗಾಳಿ. ಕಾಲು ದಣಿದ ಮೇಲೆ ಗಾಳಿ ಮನೆಯ ಕಡೆಗೆ ತಳ್ಳಬೇಕು. ವಿಶೇಷವೆಂದರೆ ಈ ಊರಿನಲ್ಲಿ ಆ ಕಟ್ಟಳೆ ಪಾಲಿಸಿದರೆ ಎರಡೂ ಕಾಲದಲ್ಲಿ ತಾನಾಗಿಯೇ ಧೂಳಿಲ್ಲದ ದಿಕ್ಕಿಗೆ ಹೋಗಿರುತ್ತೀರಿ. ರಾಬರ್ಟ್‌ಸನ್‌ಪೇಟೆಯವರು ಆಷಾಢದಲ್ಲಿ ಗಣಿಸಾಲು ದಾಟಿಯೇ ಪಶ್ಚಿಮಕ್ಕೆ ಹೋಗಬೇಕು, ನಿಜ. ದಾಟುವಷ್ಟು ದೂರ ನಡೆದು ದಾಟಿ, ಅಥವಾ ರೈಲು ಹಿಡಿದು ಬಂಗಾರಪೇಟೆಯಲ್ಲಿ ಇಳಿದು ಅಲ್ಲಿಂದ ಶುರುಮಾಡಿ. ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರತೊಡಗಿದ ಮೇಲೆ ಜಿಲ್ಲೆಯಲ್ಲಿ ನೀರು ನಿಂತ ಕೆರೆ ಏರಿಗಳಿಗೂ ಕೊರತೆಯಿಲ್ಲ. ಮಣ್ಣಿನ ಏರಿಯಷ್ಟು ಕಾಲಿಗೆ ಹಿತವಾದ ನೆಲ ಬೇರೊಂದಿಲ್ಲ. ಏರುದಾರಿಯೇ ಬೇಕೆನ್ನುವವರಿಗೆ ಕೋಲಾರದ ಅಂತರಗಂಗೆಯ ಮೆಟ್ಟಿಲು, ಅದರ ಮೇಲಿನ ಏಳು ಹಳ್ಳಿಗಳ ಬೆಟ್ಟ ಇದೆ. ಒಂದು ಎಚ್ಚರಿಕೆ: ಕಾಮಸಮುದ್ರ, ಬೂದಿಕೋಟೆ ಕಡೆಯ ಹೊಲಗಳಿಗೆ ಗಡಿಯಾಚೆಯ ಕಾಡಿನಿಂದ ಆನೆಗಳು ಬರುತ್ತವೆ, ಜನರನ್ನು ಕೊಂದಿವೆ. ಆ ದಿಕ್ಕಿಗೆ ಹೋಗುವವರು ಬೆಳಕು ಹರಿದ ಮೇಲೆಯೇ ಹೊರಡಬೇಕು. ಗಾಳಿಯೂ ಬಿಸಿಲೇರಿದಂತೆ ಜೋರಾಗುವುದರಿಂದ ಆರರಿಂದ ಎಂಟರ ನಡುವಿನ ಎರಡು ಗಂಟೆಯೇ ಓಟಕ್ಕೆ ಸಿಗುವ ಕಿಂಡಿ.

ಕೊನೆಯದಾಗಿ, ಇದೆಲ್ಲ ಯಾಕೆ ಎಂಬ ಪ್ರಶ್ನೆ. ಕಾನ್‌ಸ್ಟೆಬಲ್ ಹುದ್ದೆಗೆ ಗಂಡಸರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು, ಹೆಂಗಸರು 400 ಮೀಟರನ್ನು ಎರಡು ನಿಮಿಷದಲ್ಲಿ. ಅಗ್ನಿವೀರ್ ಭರ್ತಿಯಲ್ಲಿ 1600 ಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದವರಿಗೆ ಪೂರ್ತಿ 60 ಅಂಕ. ಎಲ್ಲವೂ ಸಮತಟ್ಟು ಮೈದಾನದಲ್ಲಿ. ಮೈದಾನದಲ್ಲೇ ಸುತ್ತು ಹೊಡೆದರೆ ಸಾಲದೇ? ಗಂಡಸರ ಮಟ್ಟಿಗೆ ಸಾಲದು. ಐದಾರು ನಿಮಿಷದ ಓಟದಲ್ಲಿ ಖರ್ಚಾಗುವ ಶಕ್ತಿಯ ಮುಕ್ಕಾಲಿಗೂ ಹೆಚ್ಚು ಪಾಲು ಆಮ್ಲಜನಕದಿಂದ ಬರುತ್ತದೆ. ಆ ದಮ್ಮು ಕಟ್ಟುವುದು ದೀರ್ಘ, ನಿಧಾನ ಓಟ. 800 ಮೀಟರಿನ ಸ್ನೆಲ್ 35 ಕಿಲೋಮೀಟರ್ ಓಡಿದ್ದು ಸುಮ್ಮನಲ್ಲ. ನಮ್ಮವರಿಗೆ ಹತ್ತು, ಹನ್ನೆರಡು ಕಿಲೋಮೀಟರ್ ಧಾರಾಳ. ಹೆಂಗಸರ 400 ಮೀಟರಿಗೆ ಈ ವಾದ ಅಷ್ಟು ಗಟ್ಟಿಯಲ್ಲ ಎಂದು ಒಪ್ಪಲೇಬೇಕು. ಕೋಲಾರದಲ್ಲಿ ಹುಟ್ಟಿ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4x100 ರಿಲೇ ಓಡಿದ ಕೆನೆತ್ ಪೊವೆಲ್ ಕೂಡ ಗುಡ್ಡ ಸುತ್ತಿ ತಯಾರಾಗುವ ಜಾತಿಯ ಓಟಗಾರನಾಗಿರಲಿಲ್ಲ. ಆದರೆ ಅದೇ ಹುಡುಗಿ ಅರೆಸೇನಾ ಪಡೆಯ ಜಿ.ಡಿ. ಕಾನ್‌ಸ್ಟೆಬಲ್ ಪರೀಕ್ಷೆಗೂ ಅರ್ಜಿ ಹಾಕಿದ್ದರೆ ಅಲ್ಲಿ ಎಂಟೂವರೆ ನಿಮಿಷದಲ್ಲಿ 1.6 ಕಿಲೋಮೀಟರ್ ಓಡಬೇಕು, ಹುಡುಗರು 24 ನಿಮಿಷದಲ್ಲಿ ಐದು ಕಿಲೋಮೀಟರ್. ಇನ್ನು, ಪರೀಕ್ಷೆಯಲ್ಲಿ ಒಬ್ಬೊಬ್ಬರೇ ಓಡುವಾಗ ಗುಂಪಿನ ಆಸರೆ ಕಲಿಸುವುದು ತಪ್ಪಲ್ಲವೇ ಎನ್ನುವವರು ಭರ್ತಿಯ ಮೈದಾನ ನೋಡಿಲ್ಲ. ಅಲ್ಲಿ ಬ್ಯಾಚಿನ ನೂಕುನುಗ್ಗಲಲ್ಲಿ ಮೊದಲ ಸುತ್ತಿಗೇ ಮುಂದೆ ಹಾರಿ ಮೂರನೆಯ ಸುತ್ತಿಗೆ ಕುಸಿಯುವವರೇ ಹೆಚ್ಚು. ಮುಂದಿನವನ ಬೆನ್ನ ಹಿಂದೆ ತಾಳ್ಮೆಯಿಂದ ಇರಲು ಬರುವವನು ಕೊನೆಯ ಇನ್ನೂರು ಮೀಟರಿನಲ್ಲಿ ಎದ್ದು ಬರುತ್ತಾನೆ. ಹುಡುಗಿಯರ ವಿಚಾರದಲ್ಲಂತೂ ಗುಂಪಿಗೆ ಇನ್ನೊಂದು ಸಮರ್ಥನೆ ಬೇಕಿಲ್ಲ. ಮಬ್ಬು ಬೆಳಕಿನಲ್ಲಿ ಕೆರೆ ಏರಿಯ ಮೇಲೆ ಒಬ್ಬಳೇ ಓಡಲು ಕಳಿಸದ ಮನೆ, ಎಂಟು ಜನರ ಜೊತೆ ಕಳಿಸುತ್ತದೆ.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ 13 ದಿಬ್ಬಗಳ ಸಾವಿರ ಎಕರೆಯಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿದೆ. ಅಗೆಯಲು ಶುರುವಾದ ದಿನ ದಶಕಗಳಿಂದ ಗಟ್ಟಿಗೊಂಡ ಮೇಲ್ಪದರ ಒಡೆಯುತ್ತದೆ. ನೀರು ಚಿಮುಕಿಸುವ, ಹೊದಿಕೆ ಹಾಕುವ ಷರತ್ತುಗಳನ್ನು ಕಾಗದದ ಮೇಲಲ್ಲ, ಆಷಾಢದ ಮಧ್ಯಾಹ್ನ ಆಂಡರ್‌ಸನ್‌ಪೇಟೆಯ ಬೀದಿಯಲ್ಲಿ ನಿಂತು ಪರೀಕ್ಷಿಸುವವರು ಬೇಕು. ಅಲ್ಲಿಯವರೆಗೆ ತರಬೇತಿ ಕೊಡುವವರಲ್ಲಿ ಒಂದೇ ವಿನಂತಿ: ಭಾನುವಾರ ಬೆಳಿಗ್ಗೆ ಗುಂಪು ಸೇರಿದಾಗ ಸೀಟಿ ಊದುವ ಮುನ್ನ ಒಮ್ಮೆ ದಿಬ್ಬದ ನೆತ್ತಿ ನೋಡಿ. ಅಲ್ಲಿ ಬೂದು ಹೊಗೆಯಂತೆ ಏನಾದರೂ ಅಲುಗುತ್ತಿದ್ದರೆ ಅದು ಯಾವ ಕಡೆಗೆ ಹೋಗುತ್ತಿದೆ ಎಂದು ಗುರುತಿಸಿ, ಮಕ್ಕಳನ್ನು ಅದರ ಎದುರು ದಿಕ್ಕಿಗೆ ಕರೆದುಕೊಂಡು ಹೋಗಿ.